ಶೇಕಡ 98ರ ಭರವಸೆ: ದೂರಸಂಪರ್ಕ ಸೇವೆಯ ಲೆಕ್ಕವನ್ನು ಪರೀಕ್ಷಿಸೋಣ

ಮಲೆನಾಡಿನ ನಮ್ಮ ಕಾಲೇಜಿಗೆ ಕಳೆದ ಮಳೆಗಾಲದಲ್ಲಿ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಬಂದಳು. ಅಂದೇ ಕೊನೆಯ ದಿನ. ಕಾಲೇಜಿನ ಕಂಪ್ಯೂಟರಿನಲ್ಲಿ ಅರ್ಜಿಯನ್ನೆಲ್ಲ ತುಂಬಿದ್ದಾಯಿತು. ಕಡೆಗೆ ಬೇಕಾದದ್ದು ಒಂದು ಒಟಿಪಿ. ಅದು ಹೋಗುವುದು ಅವಳ ತಂದೆಯ ಮೊಬೈಲಿಗೆ. ತಂದೆ ಇದ್ದದ್ದು ಇಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ಅಲ್ಲಿನ ಟವರ್ ನಿಂತು ಮೂರು ದಿನಗಳಾಗಿದ್ದವು. ಸಂಜೆಯವರೆಗೆ ಕಾದು ಅವಳು ಹಿಂದಿರುಗಿದಳು.

ನಾನು ಆ ಕಂಪನಿಯ ಗ್ರಾಹಕ ಸೇವಾ ಕೇಂದ್ರಕ್ಕೆ ಫೋನು ಮಾಡಿ ದೂರು ದಾಖಲಿಸಿದೆ. ಅತ್ತ ಕಡೆಯ ಯುವಕ ಸೌಜನ್ಯದಿಂದಲೇ ಹೇಳಿದ: ‘ಸಾರ್, ನಿಮ್ಮ ಸರ್ಕಲ್‌ನಲ್ಲಿ ನಮ್ಮ ನೆಟ್‌ವರ್ಕ್ ಶೇಕಡ 98ಕ್ಕಿಂತ ಹೆಚ್ಚು ಸರಿಯಾಗಿದೆ.’ ಎರಡು ದಿನಗಳ ನಂತರ ವಿದ್ಯುತ್ತು ಬಂತು, ಟವರೂ ಎದ್ದಿತು. ಅದರ ಹಿಂದೆಯೇ ‘ನಿಮ್ಮ ದೂರನ್ನು ಬಗೆಹರಿಸಲಾಗಿದೆ’ ಎಂಬ ಸಂದೇಶವೂ ಬಂತು.

ಆ ಯುವಕ ಸುಳ್ಳು ಹೇಳಲಿಲ್ಲ ಎಂದೇ ನಾನು ನಂಬುತ್ತೇನೆ. ಶೇಕಡ 98 ಎಂಬ ಅಂಕಿ ನಿಜವಾಗಿದ್ದೂ ಆ ಹುಡುಗಿಯ ಪಾಲಿಗೆ ನಿರರ್ಥಕವಾಗಲು ಸಾಧ್ಯ. ಗ್ರಾಹಕರ ಸಿಟ್ಟಿಗೂ ಕಂಪನಿಗಳ ಸಮಾಧಾನಕ್ಕೂ ನಡುವೆ ಇರುವ ಕಂದಕ ಬಹುಮಟ್ಟಿಗೆ ಈ ಲೆಕ್ಕದಿಂದ ಹುಟ್ಟಿದ್ದು. ಆದ್ದರಿಂದ ಲೆಕ್ಕವನ್ನೇ ಪರೀಕ್ಷೆಗೆ ಒಡ್ಡೋಣ.

ಸರಾಸರಿಯ ಮರೆ

ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2009ರಲ್ಲಿ ಸೇವೆಯ ಗುಣಮಟ್ಟಕ್ಕೆ ಕೆಲವು ಮಾನದಂಡಗಳನ್ನು ಗೊತ್ತುಪಡಿಸಿತು. ಅವುಗಳಲ್ಲಿ ಎರಡು ನಮಗೆ ಮುಖ್ಯ. ಒಂದು: ಒಂದು ಸೇವಾ ವಲಯದ ಎಲ್ಲ ಟವರುಗಳು ಕೆಟ್ಟು ನಿಂತ ಒಟ್ಟು ಅವಧಿ ಶೇಕಡ 2ನ್ನು ಮೀರಬಾರದು. ಎರಡು: ತಿಂಗಳಿನಲ್ಲಿ 24 ಗಂಟೆಗಿಂತ ಹೆಚ್ಚು ನಿಂತ ಟವರುಗಳ ಸಂಖ್ಯೆಯೂ ಶೇಕಡ 2ನ್ನು ಮೀರಬಾರದು. ನಮ್ಮ ಮಟ್ಟಿಗೆ ಸೇವಾ ವಲಯ ಎಂದರೆ ಇಡೀ ಕರ್ನಾಟಕ.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಕಂಪನಿಗೆ 10,000 ಟವರುಗಳಿವೆ ಎಂದಿಟ್ಟುಕೊಳ್ಳೋಣ. ಮೂವತ್ತು ದಿನಗಳ ತಿಂಗಳಲ್ಲಿ 720 ಗಂಟೆಗಳು. ಒಟ್ಟು 72 ಲಕ್ಷ ಟವರ್-ಗಂಟೆಗಳು. ಇದರ ಶೇಕಡ 2 ಎಂದರೆ 1,44,000 ಗಂಟೆ. ಇದನ್ನು ಎಲ್ಲ ಟವರುಗಳಿಗೂ ಸಮನಾಗಿ ಹಂಚಿದರೆ ಪ್ರತಿಯೊಂದಕ್ಕೂ ತಿಂಗಳಿಗೆ 14.4 ಗಂಟೆ, ದಿನಕ್ಕೆ ಸುಮಾರು 29 ನಿಮಿಷ. ಕಿರಿಕಿರಿಯೇ ಹೌದು, ಆದರೆ ಸಹಿಸಬಹುದು.

ಈಗ ಇದೇ 1,44,000 ಗಂಟೆಗಳನ್ನು ಬೇರೆ ರೀತಿ ಹಂಚಿ ನೋಡಿ. 9,800 ಟವರುಗಳು ಒಂದು ನಿಮಿಷವೂ ನಿಲ್ಲಲಿಲ್ಲ. ಉಳಿದ 200 ಟವರುಗಳು ತಿಂಗಳಿಡೀ, 720 ಗಂಟೆಯೂ, ನಿಂತೇ ಇದ್ದವು. 200ನ್ನು 720ರಿಂದ ಗುಣಿಸಿದರೆ ಬರುವುದು ಅದೇ 1,44,000. ಮೊದಲ ಮಾನದಂಡದಲ್ಲಿ ಕಂಪನಿ ಪಾಸು. 10,000ದಲ್ಲಿ 200 ಎಂದರೆ ಶೇಕಡ 2, ಎರಡನೆಯದರಲ್ಲೂ ಪಾಸು! ಇನ್ನೂರು ಊರುಗಳಿಗೆ ತಿಂಗಳಿಡೀ ಸಂಪರ್ಕವೇ ಇಲ್ಲದಿದ್ದರೂ ಎರಡೂ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬಹುದು.

ಇದು ಗಣಿತದ ಕೊನೆಯ ಅಂಚು. ವಾಸ್ತವದಲ್ಲಿ ಹಂಚಿಕೆ ಇಷ್ಟು ಅತಿರೇಕದ್ದಾಗಿರದು. ಆದರೆ ಅದು ಯಾವ ಕಡೆಗೆ ವಾಲಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮಹಾತ್ಮ ಗಾಂಧಿ ರಸ್ತೆಯ ಟವರ್ ಕೆಟ್ಟರೆ ಗಂಟೆಯೊಳಗೆ ದುರಸ್ತಿ. ಘಟ್ಟದ ಅಂಚಿನದು ಕೆಟ್ಟರೆ ಸರದಿ ಬರುವವರೆಗೆ ಕಾಯಬೇಕು. ಮುಂದಿನ ತಿಂಗಳೂ ಅದೇ ಟವರುಗಳ ಸರದಿ. ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಒಂದು ಸರಾಸರಿ ಬರುತ್ತದೆ. ಅದನ್ನು ನಂಬಿ ಎರಡೂ ಊರುಗಳ ರೈತರು ಬಿತ್ತನೆ ಮಾಡಲಾರರು.

ಗುಣಾಕಾರ ಮತ್ತು ಮಳೆ

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಹಳ್ಳಿಯ ಟವರ್ ಒಂಟಿಯಲ್ಲ. ಅದೊಂದು ಸರಪಳಿಯ ಕೊನೆಯ ಕೊಂಡಿ. ಅದಕ್ಕೆ ವಿದ್ಯುತ್ತು ಬೇಕು. ಅಲ್ಲಿಂದ ಪಟ್ಟಣಕ್ಕೆ ಮಾತನ್ನು ಸಾಗಿಸಲು ಬೆಳಕಿನ ತಂತು ಅಥವಾ ಬೆಟ್ಟದಿಂದ ಬೆಟ್ಟಕ್ಕೆ ಜಿಗಿಯುವ ಸೂಕ್ಷ್ಮತರಂಗ ಕೊಂಡಿಗಳು ಬೇಕು. ಕೊನೆಗೆ ದೂರದ ನಗರದ ಕೇಂದ್ರಜಾಲ ಬೇಕು. ಒಂದು ಕೊಂಡಿ ಕಳಚಿದರೂ ಮೊಬೈಲ್ ಮೂಕ.

ಸರಣಿಯಲ್ಲಿರುವ ಭಾಗಗಳ ಲಭ್ಯತೆಯನ್ನು ಗುಣಿಸಬೇಕು. ವಿದ್ಯುತ್ತಿನ ಲಭ್ಯತೆ 0.995, ನಾಲ್ಕು ಸೂಕ್ಷ್ಮತರಂಗ ಕೊಂಡಿಗಳದು ತಲಾ 0.998, ಕೇಂದ್ರಜಾಲದ್ದು 0.9999 ಎನ್ನೋಣ. ಒಂದೊಂದೂ ಅತ್ಯುತ್ತಮ. ಗುಣಿಸಿದರೆ ಸಿಗುವುದು ಸುಮಾರು 0.987. ಎಂದರೆ ತಿಂಗಳಿಗೆ ಒಂಬತ್ತು ಗಂಟೆಗೂ ಮೀರಿ ಸಂಪರ್ಕವಿಲ್ಲ. ಪ್ರತಿ ವಿಭಾಗದವರೂ ‘ನಮ್ಮದು ಸರಿಯಿದೆ’ ಎಂದು ಪ್ರಾಮಾಣಿಕವಾಗಿಯೇ ಹೇಳುವುದಕ್ಕೂ ಸೇವೆ ಸರಿಯಿಲ್ಲದಿರುವುದಕ್ಕೂ ವಿರೋಧವಿಲ್ಲ.

ಸಮಾಂತರ ಜೋಡಣೆಯಲ್ಲಿ ಗುಣಾಕಾರವೇ ನೆರವಿಗೆ ಬರುತ್ತದೆ. ಶೇಕಡ 1ರಷ್ಟು ಕಾಲ ಕೆಡುವ ಎರಡು ಮಾರ್ಗಗಳಿದ್ದರೆ, ಎರಡೂ ಒಟ್ಟಿಗೆ ಕೆಡುವ ಸಂಭವ ಹತ್ತು ಸಾವಿರದಲ್ಲಿ ಒಂದು. ಬದಲಿ ಮಾರ್ಗವಿದೆ ಎಂಬ ಭರವಸೆಯ ಹಿಂದಿರುವುದು ಈ ಲೆಕ್ಕ. ಆದರೆ ಪಿಯುಸಿ ವಿದ್ಯಾರ್ಥಿಗೂ ಗೊತ್ತಿರುವ ಒಂದು ಷರತ್ತು ಇದಕ್ಕಿದೆ: ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕು. ಎರಡೂ ತಂತುಗಳನ್ನು ಒಂದೇ ಕಾಲುವೆಯಲ್ಲಿ ಹೂಳಿದ್ದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ತುಂಡಾಗುತ್ತವೆ.

ಮಲೆನಾಡಿನ ಮಳೆಗಾಲವನ್ನೇ ನೋಡಿ. ಮೊಬೈಲಿನಿಂದ ಟವರಿಗೆ ಹೋಗುವ 900 ಮೆಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 33 ಸೆಂಟಿಮೀಟರ್. ಕೆಲವೇ ಮಿಲಿಮೀಟರ್ ಗಾತ್ರದ ಮಳೆಹನಿ ಅದಕ್ಕೆ ಲೆಕ್ಕಕ್ಕಿಲ್ಲ. ಬೆಟ್ಟದಿಂದ ಬೆಟ್ಟಕ್ಕೆ ಹೋಗುವ ಅಲೆಯ ಆವೃತ್ತಿ 15 ಗಿಗಾಹರ್ಟ್ಸ್ ಇದ್ದರೆ ತರಂಗದೂರ ಎರಡೇ ಸೆಂಟಿಮೀಟರ್. ಸುಮಾರು 10 ಗಿಗಾಹರ್ಟ್ಸ್ ದಾಟಿದ ಮೇಲೆ ಜಡಿಮಳೆ ಅಲೆಯ ಶಕ್ತಿಯನ್ನು ಗಣನೀಯವಾಗಿ ಹೀರಿ, ಚದುರಿಸುತ್ತದೆ. ಅದೇ ಮಳೆಗಾಳಿಗೆ ಮರ ಬಿದ್ದು ವಿದ್ಯುತ್ ತಂತಿ ಹರಿಯುತ್ತದೆ. ಆಗ ಟವರ್ ಬ್ಯಾಟರಿಯನ್ನು ನೆಚ್ಚಬೇಕು. 2 ಕಿಲೋವಾಟ್ ಹೊರೆಗೆ 48 ವೋಲ್ಟಿನಲ್ಲಿ ಸುಮಾರು 42 ಆಂಪಿಯರ್ ಬೇಕು. 600 ಆಂಪಿಯರ್-ಗಂಟೆಯ ಬ್ಯಾಟರಿ ಕಾಗದದ ಮೇಲೆ 14 ಗಂಟೆ ಬಾಳುತ್ತದೆ. ಹಳತಾಗಿ ಅರ್ಧ ಶಕ್ತಿ ಕುಂದಿದ್ದರೆ ಏಳೇ ಗಂಟೆ. ಆಮೇಲೆ ಡೀಸೆಲ್ ತರಬೇಕಾದ ಜೀಪು ಹೊರಟರೆ, ರಸ್ತೆಗೂ ಮರ ಬಿದ್ದಿರುತ್ತದೆ! ಕೊಂಡಿ, ವಿದ್ಯುತ್ತು, ದುರಸ್ತಿ ಮೂರಕ್ಕೂ ಒಂದೇ ಕಾರಣ. ಇವನ್ನು ಸ್ವತಂತ್ರ ಘಟನೆಗಳೆಂದು ಗುಣಿಸಿ ‘ಇದು ಅಪರೂಪ’ ಎನ್ನುವುದು ತಪ್ಪು ಭೌತವಿಜ್ಞಾನ.

ಕೆನಡದ ಪಾಠ

ಇದು ಕಾಡಂಚಿನ ಟವರುಗಳ ಕತೆ ಮಾತ್ರವಲ್ಲ. ಕೆನಡದ ರಾಜರ್ಸ್ ಕಂಪನಿಯ ಜಾಲ 2022ರ ಜುಲೈ 8ರ ಮುಂಜಾನೆ ಕುಸಿಯಿತು. ಒಂದು ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಸೇವೆ ಸುಮಾರು 26 ಗಂಟೆ ಏರುಪೇರಾಯಿತು. ಬಿರುಗಾಳಿಯಿರಲಿಲ್ಲ, ಭೂಕಂಪವಿರಲಿಲ್ಲ. ಕೇಂದ್ರಜಾಲವನ್ನು ನವೀಕರಿಸುವಾಗ ಒಂದು ರೌಟರಿನಲ್ಲಿದ್ದ ಸೋಸುಕವನ್ನು ತೆಗೆದುಹಾಕಿದ್ದರು. ಮಾರ್ಗಸೂಚಿಗಳು ಪ್ರವಾಹದಂತೆ ನುಗ್ಗಿ ಮುಖ್ಯ ರೌಟರುಗಳು ತತ್ತರಿಸಿದವು.

ಮನೆಯ ಇಂಟರ್ನೆಟ್ ಹೋದರೆ ಮೊಬೈಲ್ ಇದೆಯಲ್ಲ ಎಂದು ಗ್ರಾಹಕರು ಎಣಿಸಿದ್ದರು. ಎರಡೂ ಒಂದೇ ಕೇಂದ್ರಜಾಲದ ಮೇಲೆ ನಿಂತಿದ್ದವು, ಎರಡೂ ಹೋದವು. ಅಂಗಡಿಗಳಲ್ಲಿ ಕಾರ್ಡಿನ ಪಾವತಿ ನಿಂತಿತು. ಎಂಜಿನಿಯರುಗಳು ದೋಷವನ್ನು ಹುಡುಕಲು ಬಳಸಬೇಕಾದ ನಿರ್ವಹಣಾ ಜಾಲವೂ ಅದೇ ಕೇಂದ್ರಜಾಲವನ್ನು ಅವಲಂಬಿಸಿತ್ತು. ಬೀಗದ ಕೈಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಂಡಂತಾಯಿತು.

ತುರ್ತು ಕರೆಗಳ ಸ್ಥಿತಿ ಇನ್ನೂ ಗಂಭೀರ. ತನ್ನ ಜಾಲ ಸಿಗದಿದ್ದರೆ ಮೊಬೈಲ್ ತುರ್ತು ಕರೆಗಾಗಿ ಬೇರೆ ಕಂಪನಿಯ ಜಾಲವನ್ನು ಹುಡುಕುತ್ತದೆ. ಆದರೆ ಅಂದು ಟವರುಗಳು ಅಲೆಗಳನ್ನು ಹೊಮ್ಮಿಸುತ್ತಲೇ ಇದ್ದವು, ಸತ್ತಿದ್ದು ಕೇಂದ್ರ. ತನ್ನ ಟವರ್ ಕಾಣುತ್ತಿದೆಯೆಂದು ಮೊಬೈಲ್ ಅದಕ್ಕೇ ಅಂಟಿಕೊಂಡಿತು. 2023ರ ನವೆಂಬರ್ 8ರಂದು ಆಸ್ಟ್ರೇಲಿಯದಲ್ಲಿ ಆಪ್ಟಸ್ ಜಾಲ ಕುಸಿದಾಗ 2,145 ಮಂದಿಯ ತುರ್ತು ಕರೆ ಮುಟ್ಟಲಿಲ್ಲ. ಆ ಕಂಪನಿ 2024ರಲ್ಲಿ ಒಂದು ಕೋಟಿ 20 ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ದಂಡ ತೆರಬೇಕಾಯಿತು. ವರ್ಷಕ್ಕೆ 8,760 ಗಂಟೆ. ಅದರಲ್ಲಿ 26 ಗಂಟೆ ಕಳೆದರೂ ಲಭ್ಯತೆ ಶೇಕಡ 99.7. ಅಂಕಪಟ್ಟಿಯಲ್ಲಿ ಇದು ಪ್ರಥಮ ದರ್ಜೆ!

ಪರಿಹಾರದ ಅಳತೆಗೋಲು

ನಮ್ಮಲ್ಲಿ ಗ್ರಾಹಕನಿಗೆ ಪರಿಹಾರ ಕೊಡಿಸುವ ಯತ್ನಗಳು ನಡೆದಿವೆ. ಅರ್ಧಕ್ಕೆ ಕಡಿದುಹೋದ ಪ್ರತಿ ಕರೆಗೆ ಒಂದು ರೂಪಾಯಿಯಂತೆ, ದಿನಕ್ಕೆ ಮೂರು ಕರೆಗಳ ಮಿತಿಯಲ್ಲಿ ಪರಿಹಾರ ನೀಡಬೇಕೆಂದು ಟ್ರಾಯ್ 2015ರಲ್ಲಿ ನಿಯಮ ಮಾಡಿತು. 2016ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. 2024ರ ಹೊಸ ನಿಯಮಗಳಲ್ಲಿ ದಂಡದ ಮೊತ್ತ ಹೆಚ್ಚಿತು. ಜಿಲ್ಲಾ ಮಟ್ಟದಲ್ಲಿ 24 ಗಂಟೆಗೂ ಮೀರಿ ಸೇವೆ ನಿಂತರೆ ಬಾಡಿಗೆಯಲ್ಲಿ ಕಡಿತ ಅಥವಾ ಪ್ರೀಪೇಯ್ಡ್ ಅವಧಿಯ ವಿಸ್ತರಣೆ ನೀಡಬೇಕೆಂದಾಯಿತು. ನೈಸರ್ಗಿಕ ವಿಕೋಪಗಳಿಗೆ ವಿನಾಯಿತಿಯಿದೆ.

ಇದು ಸ್ವಾಗತಾರ್ಹ. ಆದರೆ ಅಳತೆಗೋಲು ರಾಜ್ಯದಿಂದ ಜಿಲ್ಲೆಗೆ ಇಳಿಯಿತೇ ಹೊರತು ಊರಿಗೆ ಇಳಿಯಲಿಲ್ಲ. ನಮ್ಮ ವಿದ್ಯಾರ್ಥಿನಿಯ ಹಳ್ಳಿ ಐದು ದಿನ ಮೂಕವಾಗಿದ್ದರೂ ಜಿಲ್ಲೆ ಮಾತನಾಡುತ್ತಿತ್ತು. ಮಿಲಿಮೀಟರನ್ನು ಅಳೆಯಬೇಕಾದಲ್ಲಿ ಗಜಕೋಲು ಹಿಡಿದಂತೆ ಇದು.

ಕಂಪನಿಗಳ ಕಷ್ಟವನ್ನೂ ಮರೆಯಬಾರದು. ರಸ್ತೆ ಅಗೆಯುವವರು ತಂತುಗಳನ್ನು ಕಡಿಯುತ್ತಾರೆ, ಬ್ಯಾಟರಿಗಳು ಕಳುವಾಗುತ್ತವೆ, ವಿದ್ಯುತ್ತು ಅವರ ಕೈಯಲ್ಲಿಲ್ಲ. ಆದರೆ ಕಷ್ಟ ಎಲ್ಲಿದೆ ಎಂದು ತಿಳಿಯಬೇಕಾದರೂ ಸರಾಸರಿಯ ಪರದೆ ಸರಿಯಬೇಕು. ಪ್ರತಿ ಟವರ್ ನಿಂತ ಗಂಟೆಗಳು, ಅತಿ ದೀರ್ಘ ನಿಲುಗಡೆ, ಅದರ ಕಾರಣ, ಬದಲಿ ಮಾರ್ಗ ನಿಜಕ್ಕೂ ಬೇರೆ ದಾರಿಯಲ್ಲಿದೆಯೇ ಎಂಬ ವಿವರ: ಈ ನಾಲ್ಕನ್ನು ಪ್ರಕಟಿಸಿದರೆ ಸಾಕು. ಈ ಮಾಹಿತಿಯಲ್ಲಿ ಬಹುಪಾಲು ಕಂಪನಿಯ ಯಂತ್ರಗಳಲ್ಲಿ ತಾನಾಗಿಯೇ ದಾಖಲಾಗುತ್ತದೆ. ಕೆನಡದ ಕುಸಿತದ ನಂತರ ಅಲ್ಲಿನ ಕಂಪನಿಗಳು ವಿಪತ್ತಿನಲ್ಲಿ ಪರಸ್ಪರ ನೆರವಾಗುವ ಒಪ್ಪಂದಕ್ಕೆ 2022ರ ಸೆಪ್ಟೆಂಬರಿನಲ್ಲಿ ಬಂದವು. ನಮ್ಮ ಘಟ್ಟದ ಊರುಗಳಿಗೂ ಅಂಥದು ಬೇಕು.

ತರಗತಿಗೆ ಒಂದು ಪ್ರಯೋಗ

ಶಿಕ್ಷಕರು ಇದನ್ನು ಪ್ರಯೋಗವಾಗಿ ಮಾಡಿಸಬಹುದು. ಬೇರೆ ಬೇರೆ ಊರುಗಳ ಹತ್ತು ವಿದ್ಯಾರ್ಥಿಗಳು ಒಂದು ತಿಂಗಳ ಕಾಲ ಬೆಳಿಗ್ಗೆ 7, ಮಧ್ಯಾಹ್ನ 1, ರಾತ್ರಿ 8 ಗಂಟೆಗೆ ಮನೆಯಲ್ಲಿ ಸಂಪರ್ಕವಿದೆಯೇ ಎಂದು ಗುರುತು ಹಾಕಲಿ; ಆ ಹೊತ್ತಿಗೆ ಮನೆಯಲ್ಲಿ ಇಲ್ಲದವರು ಹಿರಿಯರಿಂದ ಬರೆಸಲಿ. ಮಳೆ, ವಿದ್ಯುತ್ತು ಇದ್ದವೇ ಎಂದೂ ಬರೆಯಲಿ. ಮೊದಲು ಹತ್ತೂ ಊರುಗಳ ಸರಾಸರಿ ತೆಗೆಯಿರಿ. ಅನಂತರ ಊರುವಾರು ಸ್ತಂಭಾಲೇಖ ಬರೆಯಿರಿ. ಸಂಪರ್ಕವಿಲ್ಲದ ಹೊತ್ತಿನಲ್ಲಿ ಎಷ್ಟು ಸಲ ವಿದ್ಯುತ್ತೂ ಇರಲಿಲ್ಲ ಎಂದು ಎಣಿಸಿರಿ. ಸರಾಸರಿ ಮತ್ತು ಹಂಚಿಕೆ, ಸ್ವತಂತ್ರ ಮತ್ತು ಅವಲಂಬಿತ ಘಟನೆಗಳು ಎಂಬ ಪಾಠ ಕಣ್ಣೆದುರಿಗೇ ನಡೆಯುತ್ತದೆ.

ಆ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ, ದೂರಿಗೆ ಸರಿಯಾದ ಉತ್ತರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೂ ಕಳುಹಿಸಿರಿ. ‘ನೆಟ್‌ವರ್ಕ್ ಸರಿಯಿಲ್ಲ’ ಎಂಬ ಸಿಟ್ಟಿನ ಮಾತನ್ನು ತಳ್ಳಿಹಾಕುವುದು ಸುಲಭ. ದಿನಾಂಕ, ವೇಳೆ ನಮೂದಿಸಿದ ತೊಂಬತ್ತು ಅವಲೋಕನಗಳನ್ನು ತಳ್ಳಿಹಾಕುವುದು ಕಷ್ಟ. ನಮ್ಮ ವಿದ್ಯಾರ್ಥಿನಿಗೆ ಆ ವರ್ಷದ ವಿದ್ಯಾರ್ಥಿವೇತನ ಸಿಗಲಿಲ್ಲ. ಈ ಮಳೆಗಾಲದ ಪಟ್ಟಿಯನ್ನು ತಾನೇ ಬರೆಯುತ್ತೇನೆಂದು ಅವಳು ಒಪ್ಪಿಕೊಂಡಿದ್ದಾಳೆ.