ಗೌರಿಯ ಪಾಲಿನ ಕನಸು

ವಾಣಿಯವರ 'ಎರಡು ಕನಸು' ಕಾದಂಬರಿಯನ್ನು ನಮ್ಮ ಭೂಸನೂರ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಹಿರಿಯರ ಹಟಕ್ಕೆ ಸೋದರಿಕೆ ಮುರಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ರಾಮಚಂದ್ರ ಮನಸ್ಸು ಕೊಟ್ಟಿದ್ದು ಲಲಿತೆಗೆ, ತಾಳಿ ಕಟ್ಟಿದ್ದು ಗೌರಿಗೆ. 1974ರಲ್ಲಿ ದೊರೈ-ಭಗವಾನ್ ಇದನ್ನು ತೆರೆಗೆ ತಂದಾಗ ರಾಜ್‌ಕುಮಾರ್, ಮಂಜುಳಾ ಅವರೊಡನೆ ಕಲ್ಪನಾ ಗೌರಿಯಾದರು.

ಕಥೆ ಅವನ ವಿರಹಕ್ಕೇ ಹೆಚ್ಚು ಮರುಗುತ್ತದೆ. ನನ್ನನ್ನು ಕಾಡುವವಳು ಗೌರಿ. ಒಂದೇ ಸೂರಿನಡಿ ಪರಕೀಯಳಂತೆ ಇರುವ ಅವಳ ತಾಳ್ಮೆಗೆ ಹೊಗಳಿಕೆಯುಂಟು, ಸಿಟ್ಟಿಗೆ ಜಾಗವಿಲ್ಲ. ಗಂಡನ ಮನಸ್ಸು ಕೊನೆಗೆ ತಿರುಗುತ್ತದೆ, ನಿಜ. ಆದರೆ ಯಾವಾಗ? ಲಲಿತೆ ತನ್ನ ಸಂಸಾರದಲ್ಲಿ ಸುಖವಾಗಿರುವುದನ್ನು ಕಂಡ ಮೇಲೆ! ಗೌರಿಗೆ ಬಾಗಿಲು ತೆರೆದದ್ದು ಇನ್ನೊಬ್ಬಳ ನೆಮ್ಮದಿ. ಹಾಗಾದರೆ ಅಲ್ಲಿಯವರೆಗೆ ಅವಳು ಬಡಿಸಿದ ಊಟಕ್ಕೆ ರುಚಿಯೇ ಇರಲಿಲ್ಲವೇನು? ವಾಣಿಯವರು ಈ ಪ್ರಶ್ನೆಯನ್ನು ಗೌರಿಯ ಬಾಯಲ್ಲೇ ಕೇಳಿಸಬೇಕಿತ್ತು.