ಕಂಪನಿಗಳು ಎದ್ದುಹೋದ ಮೇಲೆ ಡಿಟಿಎಂ

ಊರ ತೇರಿನ ಖರ್ಚನ್ನೆಲ್ಲ ಇಬ್ಬರು ಮೂವರು ಸಾಹುಕಾರರೇ ಹೊತ್ತರೆ ಜಾತ್ರೆ ಭರ್ಜರಿಯಾಗಿಯೇ ನಡೆಯುತ್ತದೆ. ಅವರಲ್ಲೊಬ್ಬ ಕೈಬಿಟ್ಟ ವರ್ಷ ತೇರು ಮನೆಯಿಂದಾಚೆ ಬರುವುದಿಲ್ಲ. ಜರ್ಮನಿಯ ಟೂರಿಂಗ್ ಕಾರ್ ರೇಸ್ ಸರಣಿ ಡಿಟಿಎಂ ಈ ಸಂಕಟವನ್ನು ಎರಡು ಸಲ ಉಂಡಿದೆ.

1984ರಲ್ಲಿ ಶುರುವಾದಾಗ ಅಲ್ಲಿ ಓಡುತ್ತಿದ್ದವು ರಸ್ತೆಯ ಕಾರುಗಳಿಗೆ ಹತ್ತಿರದ ಕಾರುಗಳೇ. 1993ರಲ್ಲಿ ಆಲ್ಫಾ ರೋಮಿಯೊ ತನ್ನ 155 ಕಾರನ್ನು ತಂದಿತು, ಅದರ ಚಾಲಕ ನಿಕೋಲಾ ಲಾರಿನಿ ಜರ್ಮನರ ಅಂಗಳದಲ್ಲೇ ಪ್ರಶಸ್ತಿ ಗೆದ್ದ. ಆಮೇಲೆ ಪೈಪೋಟಿಗೆ ಲಗಾಮೇ ಇಲ್ಲದಾಯಿತು. ಹೊರಗೆ ಮನೆಮಂದಿಯ ಸೆಡಾನ್ ರೂಪ, ಒಳಗೆ ಎಲೆಕ್ಟ್ರಾನಿಕ್ಸ್ ತುಂಬಿದ, ಕಾರ್ಖಾನೆಯವರಷ್ಟೇ ಕಟ್ಟಬಲ್ಲ ಯಂತ್ರ. 1996ರ ಕೊನೆಗೆ ಆಲ್ಫಾ, ಓಪೆಲ್ ಎರಡೂ ಹೊರನಡೆದವು. ಉಳಿದ ಮರ್ಸಿಡಿಸ್ ಯಾರ ಜೊತೆ ಓಡಬೇಕು? ಸರಣಿಯೇ ನಿಂತಿತು. 2000ದಲ್ಲಿ ಮರಳಿ ಬಂದದ್ದೂ ಕಂಪನಿಗಳ ಅದೇ ಆಸರೆಯ ಮೇಲೆ. 2018ರಲ್ಲಿ ಮರ್ಸಿಡಿಸ್, 2020ರಲ್ಲಿ ಔಡಿ ಬಿಟ್ಟವು, ಬಿಎಂಡಬ್ಲ್ಯು ಒಂಟಿಯಾಯಿತು.

ಆಗ ಸರಣಿ ನಡೆಸುತ್ತಿದ್ದ ಸಂಸ್ಥೆಯ ಮುಖ್ಯಸ್ಥ ಗೆರ್ಹಾರ್ಡ್ ಬೆರ್ಗರ್ ಕೈಗೊಂಡ ತೀರ್ಮಾನವನ್ನು ನಾನು ಧೈರ್ಯದ್ದೆಂದೇ ಎಣಿಸುತ್ತೇನೆ. 2021ರಿಂದ ಡಿಟಿಎಂ ಜಿಟಿ3 ಎಂಬ ವರ್ಗದ ಕಾರುಗಳಿಗೆ ಬದಲಾಯಿತು. ಜಿಟಿ3 ಕಾರನ್ನು ಕಂಪನಿ ತನಗಾಗಿ ಬಚ್ಚಿಟ್ಟುಕೊಳ್ಳುವುದಿಲ್ಲ, ಮಾರುತ್ತದೆ. ದುಡ್ಡಿದ್ದ ಯಾವ ತಂಡವೂ ಕೊಳ್ಳಬಹುದು. ವೇಗದ ಅಂತರವನ್ನು ತೂಕ, ಎಂಜಿನ್ ಶಕ್ತಿ ಹೊಂದಿಸಿ ಸಂಘಟಕರೇ ಸರಿದೂಗಿಸುತ್ತಾರೆ. ಕಂಪನಿಗೆ ರೇಸಿಂಗ್ ಬರೀ ಖರ್ಚಿನ ಬಾಬ್ತಾಗದೆ ವ್ಯಾಪಾರವೂ ಆಗುತ್ತದೆ. ಒಬ್ಬರು ಅಂಗಡಿ ಮುಚ್ಚಿದರೆ ತಂಡ ಇನ್ನೊಬ್ಬರ ಅಂಗಡಿಗೆ ಹೋಗುತ್ತದೆ.

ಕಳೆದುಕೊಂಡದ್ದೂ ಇದೆ. ಡಿಟಿಎಂಗೆಂದೇ ಹುಟ್ಟಿದ ಆ ಕಾರುಗಳ ತೀಕ್ಷ್ಣತೆ ಜಿಟಿ3ರಲ್ಲಿಲ್ಲ. ಈ ಜಿಟಿ3 ಕಾರುಗಳೇ ಜಗತ್ತಿನ ಎಷ್ಟೋ ಸರಣಿಗಳಲ್ಲಿ ಓಡುತ್ತವೆ. ಈ ಕೊರತೆಯನ್ನು ನಾನು ಸಹಿಸಿಕೊಳ್ಳಬಲ್ಲೆ. ಸಹಿಸಲಾಗದ್ದು 2021ರಲ್ಲಿ ನೋರಿಸ್‌ರಿಂಗ್ ಟ್ರ್ಯಾಕಿನಲ್ಲಿ ನಡೆದ ಋತುವಿನ ಕೊನೆಯ ರೇಸ್. ಅಂಕಪಟ್ಟಿಯಲ್ಲಿ ಮುಂದಿದ್ದ ಲಿಯಾಮ್ ಲಾಸನ್‌ನ ಫೆರಾರಿಗೆ ಮೊದಲ ತಿರುವಿನಲ್ಲೇ ಔಡಿಯೊಂದು ಗುದ್ದಿತು. ಬಳಿಕ ಮುಂದೆ ಓಡುತ್ತಿದ್ದ ಮರ್ಸಿಡಿಸ್ ಕಾರುಗಳು, ಬೇರೆ ತಂಡದವಾಗಿದ್ದರೂ, ಮ್ಯಾಕ್ಸಿಮಿಲಿಯನ್ ಗೋಟ್ಸ್‌ನ ಮರ್ಸಿಡಿಸ್‌ಗೆ ದಾರಿ ಬಿಟ್ಟುಕೊಟ್ಟವು. ಪ್ರಶಸ್ತಿ ಅವನದಾಯಿತು. ಕಾರು ಮಾರಿದ ಮೇಲೂ ಕಂಪನಿಯ ಕೈ ಸ್ಟೀರಿಂಗ್‌ವರೆಗೆ ಚಾಚಿತ್ತು. ಅಂದು ಗ್ಯಾಲರಿಯಲ್ಲಿ ಕೂತ ಪ್ರೇಕ್ಷಕನಿಗೆ ಆದದ್ದು ಮೋಸವೇ.

ಆದರೂ ಸರಣಿ ಉಳಿಯಿತು ಎಂಬುದು ನನಗೆ ದೊಡ್ಡ ಮಾತು. ಬೆರ್ಗರ್‌ನ ಸಂಸ್ಥೆ ಹಿಂದೆ ಸರಿದಾಗ, ಜರ್ಮನಿಯ ವಾಹನ ಸವಾರರ ಸಂಘವಾದ ಎಡಿಎಸಿ 2023ರ ಋತುವಿನಿಂದ ಅದನ್ನು ವಹಿಸಿಕೊಂಡಿತು. ಎಸ್‌ಎಸ್‌ಆರ್ ಪರ್ಫಾರ್ಮೆನ್ಸ್ ತಂಡ 2022ರಲ್ಲಿ ಪೋರ್ಶೆ ಓಡಿಸಿ, ಮರುವರ್ಷ ಲಂಬೋರ್ಗಿನಿ ತಂದಿತು. 1996ರಲ್ಲಿ ಖಾಸಗಿ ತಂಡವೊಂದು ಇಂಥ ಆಯ್ಕೆಯನ್ನು ಕನಸಿನಲ್ಲೂ ಕಾಣುವಂತಿರಲಿಲ್ಲ. ಅದೇ ತಂಡದ ಮಿರ್ಕೊ ಬೊರ್ಟೊಲೊಟ್ಟಿ 2024ರ ಚಾಂಪಿಯನ್ ಆದ. ಆಗ ಅವನು ಲಂಬೋರ್ಗಿನಿಯ ಸಂಬಳದ ಚಾಲಕನಾಗಿದ್ದ. ಕಾರು ತಂಡದ್ದು, ಚಾಲಕ ಕಂಪನಿಯವನು: ಎಡಿಎಸಿ ಇನ್ನು ಬಿಡಿಸಬೇಕಾದ ಗಂಟು ಇದು.