‘ಸಂಸಾರದ ಖರ್ಚಿಗಾಗಿ’: ಮನೆ ಮಾರುವ ಹೆಂಗಸನ್ನು ನಾವು ಹೇಗೆ ಓದಿದ್ದೇವೆ

ಗಂಡ ತೀರಿಕೊಂಡ ಮೇಲೆ ಮನೆ ಮಾರುವ ಹೆಂಗಸು ಕನ್ನಡ ಕಾದಂಬರಿಯಲ್ಲಿ ಎಲ್ಲಿದ್ದಾಳೆ? ವಿಧವೆಯರಿಗೆ ನಮ್ಮ ಕಥನದಲ್ಲಿ ಕೊರತೆಯಿಲ್ಲ. ಆದರೆ ನನ್ನ ಓದಿನಲ್ಲಿ ಎದುರಾದವರಲ್ಲಿ ಹೆಚ್ಚಿನವರು ಮನೆಯೊಳಗೆ ದುಡಿಯುವವರು, ಮೂಲೆ ಹಿಡಿದವರು, ಇಲ್ಲವೇ ಮನೆಯಿಂದ ಹೊರಬಿದ್ದವರು. ಮನೆಯನ್ನು ತಾನೇ ಮಾರಿ, ಹಣ ಎಣಿಸಿಕೊಂಡು, ಬೀಗದ ಕೈ ಕೊಟ್ಟು ಹೊರಟವಳು ಸಿಗುವುದು ಅಪರೂಪ. ಈ ಪ್ರಶ್ನೆ ನನಗೆ ಹುಟ್ಟಿದ್ದು ಕಾದಂಬರಿಯಿಂದಲ್ಲ, ಒಂದು ಕ್ರಯಪತ್ರದಿಂದ. ಹಾಗಾಗಿ ಇಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತೇನೆ.

ಕ್ರಯಪತ್ರವನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಆದರೆ ಅದಕ್ಕೂ ಒಂದು ಶೈಲಿ, ಒಂದು ಪರಂಪರೆ ಇದೆ. ಹಳೇ ಮೈಸೂರು ಸೀಮೆಯ ಪತ್ರಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಅಪ್ಪನ ಹೆಸರು, ಮದುವೆಯಾದ ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರು. ಗಂಡ ಸತ್ತರೆ ‘ಕೋಂ ಲೇಟ್’. ಆಮೇಲೆ ಚೆಕ್ಕುಬಂದಿ: ನಾಲ್ಕು ದಿಕ್ಕಿಗೆ ಯಾರ ಮನೆ, ಯಾವ ರಸ್ತೆ. ಕೊನೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣಗಳ ಪಟ್ಟಿ. ಈ ಅಷ್ಟಭೋಗದ ಪದಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿರುವ ದಾನಶಾಸನಗಳಲ್ಲೂ ಸಿಗುತ್ತವೆ. ಶಾಸನಗದ್ಯದ ಒಂದು ತುಣುಕು ಇವತ್ತಿಗೂ ಬದುಕಿರುವುದು ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಎಂದರೆ ತಪ್ಪಾಗಲಾರದು.

ಇದೇ ಪತ್ರದಲ್ಲಿ ಇನ್ನೊಂದು ವಾಡಿಕೆಯ ಮಾತು ಬರುತ್ತದೆ: ‘ನಮ್ಮ ಸಂಸಾರದ ಖರ್ಚಿಗಾಗಿ’, ‘ಕುಟುಂಬದ ಕಾನೂನುಬದ್ಧ ಅಗತ್ಯಕ್ಕಾಗಿ’ ಮಾರುತ್ತಿದ್ದೇವೆ ಎಂಬುದು. ಮಾರುವವರು ಕಾರಣ ಯಾಕೆ ಹೇಳಬೇಕು? ಹಳೆಯ ಹಿಂದೂ ಕಾನೂನಿನಲ್ಲಿ ಅವಿಭಕ್ತ ಕುಟುಂಬದ ಯಜಮಾನ ಆಸ್ತಿ ಮಾರಬೇಕಾದರೆ ಕುಟುಂಬದ ಅಗತ್ಯ ತೋರಿಸಬೇಕಿತ್ತು. ವಿಧವೆಗೆ ಕಟ್ಟು ಇನ್ನೂ ಬಿಗಿ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದು ವಿಧವೆಗೆ ವಿಭಾಗದಲ್ಲಿ ಪಾಲು ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ 1937ರ ಕಾಯಿದೆ ಗಂಡನ ಪಾಲನ್ನು ಹೆಂಡತಿಗೆ ಕೊಟ್ಟರೂ ಅದು ‘ಸೀಮಿತ ಹಕ್ಕು’. ಬದುಕಿರುವ ತನಕ ಅನುಭವಿಸಬಹುದು; ಮಾರಬೇಕೆಂದರೆ ಸಾಲ, ಮಗಳ ಮದುವೆ, ಗಂಡನ ಉತ್ತರಕ್ರಿಯೆಯಂಥ ಕಾರಣ ಬೇಕು. ಸ್ವತಂತ್ರ ಭಾರತದ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಂ ಈ ಸೀಮಿತ ಹಕ್ಕನ್ನು ಪೂರ್ಣ ಒಡೆತನವಾಗಿಸಿತು. ಅಂದಿನಿಂದ ವಿಧವೆ ತನ್ನ ಪಾಲನ್ನು ಮಾರಲು ಯಾರಿಗೂ ಕಾರಣ ಹೇಳಬೇಕಿಲ್ಲ. ಕಾನೂನು ಬದಲಾಯಿತು, ವಾಕ್ಯ ಹಾಗೇ ಉಳಿಯಿತು.

ಅಪ್ಪ ಹೋದ ಮೂರನೆಯ ವರ್ಷ ಅಮ್ಮ ನಮ್ಮ ಬಿಳಿಕೆರೆಯ ಮನೆ ಮಾರಿದಳು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಂಚಾಯಿತಿಯ ನಮೂನೆ 9 ಮತ್ತು 11, ಋಣಭಾರ ಪತ್ರ ಎಲ್ಲ ಜೋಡಿಸಿದ ಮೇಲೆ ಹುಣಸೂರಿನಲ್ಲಿ ಕರಡು ಓದಿ ಹೇಳಿದರು. ಅಪ್ಪನ ಸ್ವಯಾರ್ಜಿತವಾದ್ದರಿಂದ ಅಮ್ಮ, ಅಣ್ಣ, ನಾನು ಸಮಪಾಲುದಾರರು. ಅಮ್ಮ ಒಂದನೇ ಮಾರಾಟಗಾರ್ತಿ. ‘ಸಂಸಾರದ ಖರ್ಚಿಗಾಗಿ’ ಎಂಬಲ್ಲಿ ಅವಳು ತಡೆದಳು. “ಯಾವ್ ಸಂಸಾರದ ಖರ್ಚು? ಸಾಲ ಇಲ್ಲ, ಮಕ್ಳು ಅವರ ಪಾಡಿಗವರೆ. ನಂಗೆ ಆ ಮನೇಲಿ ಒಬ್ಳೇ ಇರಕ್ಕೆ ಇಷ್ಟ ಇಲ್ಲ, ಅದ್ಕೆ ಮಾರ್ತಿದೀನಿ. ಹಂಗೇ ಬರೀರಿ.” ಪತ್ರ ಬರೆಯುವವರು ನಕ್ಕು, “ಹಂಗೆಲ್ಲ ಬರೆಯಲ್ಲ ಕಣಮ್ಮ, ಇದು ವಾಡಿಕೆ” ಎಂದರು. ವಾಕ್ಯ ಹಾಗೇ ನೋಂದಣಿಯಾಯಿತು. ಊರಿನಲ್ಲೂ ಮಾತು ಅದೇ ದಾರಿ ಹಿಡಿಯಿತು: “ಪಾಪ, ಮನೆ ಮಾರ್ಕೊಂಡ್ಲು.” ಕನ್ನಡದಲ್ಲಿ ‘ಮಾರಿದಳು’ ಬೇರೆ, ‘ಮಾರಿಕೊಂಡಳು’ ಬೇರೆ. ಎರಡನೆಯದರಲ್ಲಿ ಸೋಲು ಇದೆ. ಗಂಡಸು ದಿವಾಳಿ ಎದ್ದಾಗ ಮಾತ್ರ ‘ಮನೆಮಠ ಮಾರಿಕೊಂಡ’ ಎನ್ನುತ್ತೇವೆ. ವಿಧವೆಯಾದರೆ ದಿವಾಳಿ ಏಳಬೇಕಾಗಿಯೂ ಇಲ್ಲ.

ನಮ್ಮ ಕಾದಂಬರಿ ಈ ‘ಮಾರಿಕೊಂಡಳು’ ಎಂಬ ಕ್ರಿಯಾಪದವನ್ನು ಮೀರಿದೆಯೇ? ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯ ಇಡೀ ಬದುಕನ್ನು ತವರುಮನೆಯೊಳಗೆ ಇಟ್ಟು ನೋಡಿದ ಕೃತಿ. ಆ ಮನೆ ಫಣಿಯಮ್ಮನ ದುಡಿಮೆಯಿಂದ ನಡೆಯುತ್ತದೆ, ಆದರೆ ಅದು ಅವಳದಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಸರಸೋತಿಯೂ ಹಾಗೆಯೇ: ಅಣ್ಣ ರಾಮ ಐತಾಳನ ಮನೆಗೆ ಬೆನ್ನೆಲುಬಾದ ವಿಧವೆ. ಕಾನೂನು ಏನನ್ನೂ ಕೊಡದ ಕಾಲದ ಹೆಂಗಸರಿವರು. ಅವರು ಮಾರಲಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಅವರ ಶ್ರಮಕ್ಕೆ ಮನೆಯಲ್ಲಿ ಲೆಕ್ಕವಿರಲಿಲ್ಲ ಎಂಬುದನ್ನು ಇಬ್ಬರೂ ಲೇಖಕರು ಕಂಡರು. ಅದೇ ದೊಡ್ಡದು.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಹೆಚ್ಚು ತೊಡಕಿನದು. ಶ್ಯಾನುಭೋಗ ರಾಮಣ್ಣ ತೀರಿಕೊಂಡ ಮೇಲೆ ಹೆಂಡತಿ ಗಂಗಮ್ಮ ಮತ್ತು ಇಬ್ಬರು ಗಂಡುಮಕ್ಕಳ ಕೈಯಲ್ಲಿ ಆಸ್ತಿ ಸಾಲದ ಪಾಲಾಗುತ್ತದೆ. ಓದುಗರ ನೆನಪಿನಲ್ಲಿ ಗಂಗಮ್ಮ ಅಂದರೆ ಬಾಯಿಬಡುಕಿ, ಮನೆ ಮುರಿದವಳು. ತರಗತಿಗಳಲ್ಲಿ ಸೊಸೆ ನಂಜಮ್ಮನ ತಾಳ್ಮೆಯ ಎದುರು ಇವಳನ್ನು ನಿಲ್ಲಿಸಿ ಪಾಠ ಮುಗಿಸುತ್ತೇವೆ. ಆದರೆ ಕಾದಂಬರಿಯ ಕಾಲ 1920ರಿಂದ 40ರ ದಶಕದ್ದು. ಆ ವಿಧವೆಗೆ ಬಾಯಿ ಇತ್ತು, ಸಹಿ ಇರಲಿಲ್ಲ. ಇತ್ತ ನಂಜಮ್ಮ ಇಡೀ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುತ್ತಾಳೆ. ಹುದ್ದೆ ಗಂಡ ಚೆನ್ನಿಗರಾಯನದು. ಊರಿನವರ ಹೊಲಗದ್ದೆಗಳ ಲೆಕ್ಕ ಅವಳ ಅಕ್ಷರದಲ್ಲಿದೆ, ತನ್ನ ಮನೆಯ ಮೇಲೆ ಮಾತ್ರ ಅವಳಿಗೆ ಅಧಿಕಾರವಿಲ್ಲ. ಅತ್ತೆ ಸೊಸೆಯರನ್ನು ಕೆಡುಕು–ಒಳಿತು ಎಂದು ಎದುರುಬದುರು ನಿಲ್ಲಿಸುವ ಓದು ಈ ಸಮಾನ ಸ್ಥಿತಿಯನ್ನು ಮರೆಸುತ್ತದೆ. ಮನೆ ಹೋದದ್ದಕ್ಕೆ ಹೆಂಗಸಿನ ನಾಲಿಗೆಯನ್ನು ಕಾರಣ ಮಾಡುವುದು ಸುಲಭ. ಪತ್ರದ ಮೇಲಿನ ಹೆಬ್ಬೆಟ್ಟು ಯಾರದು ಎಂದು ಕೇಳುವುದು ಕಷ್ಟ.

ಹೆಂಡತಿಯನ್ನು ಕಳೆದುಕೊಂಡ ಗಂಡಸಿನ ಕಥನವನ್ನು ಇದರ ಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಮೈಸೂರಿನ ಆರ್.ಕೆ. ನಾರಾಯಣ್ ಅವರ ಪತ್ನಿ ರಾಜಂ 1939ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡರು. ಆ ದುಃಖದಿಂದ ಹುಟ್ಟಿದ ‘ದಿ ಇಂಗ್ಲಿಷ್ ಟೀಚರ್’ (1945) ಕಾದಂಬರಿಯಲ್ಲಿ ಸುಶೀಲಾ ಕಾಯಿಲೆ ಬೀಳುವುದು ಕೊಳ್ಳಲೆಂದು ಮನೆ ನೋಡಿಬಂದ ಮೇಲೆ. ಅಲ್ಲಿ ಮನೆ ಒಂದು ಕನಸು, ಆಮೇಲೆ ಒಂದು ಗಾಯ. ಆದರೆ ಕೃಷ್ಣನ್‌ನ ದುಃಖ ಪೂರ್ತಿ ಅವನದೇ. ಅದನ್ನು ಧ್ಯಾನವಾಗಿ, ತತ್ತ್ವವಾಗಿ ಬೆಳೆಸಿಕೊಳ್ಳಲು ಅವನಿಗೆ ಬಿಡುವಿದೆ. ‘ಇನ್ನು ನೀನು ಯಾರ ಮನೆಯಲ್ಲಿರುತ್ತೀಯ’ ಎಂಬ ಪ್ರಶ್ನೆ ಕಥೆಯ ಕೇಂದ್ರಕ್ಕೆ ಬರುವುದೇ ಇಲ್ಲ. ವಿಧವೆಗೆ ದುಃಖಕ್ಕಿಂತ ಮೊದಲು ಎದುರಾಗುವುದೇ ಆ ಪ್ರಶ್ನೆ.

‘ಅಗತ್ಯ’ದ ಸುಳ್ಳನ್ನು ಬಿಡಿಸಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಕ್ರಯಪತ್ರದಲ್ಲಿ ಇನ್ನೊಂದು ಪದವಿದೆ: ‘ಸ್ವಇಚ್ಛೆಯಿಂದ’. ಅಮ್ಮನ ಪತ್ರದಲ್ಲಿ ಅದು ನಿಜ. ಎಷ್ಟೋ ಪತ್ರಗಳಲ್ಲಿ ಅಲ್ಲ. ಕರ್ನಾಟಕ 1994ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಹಾಗಿದ್ದೂ ಅಕ್ಕತಂಗಿಯರು ‘ತವರು ಬೇಕಲ್ಲ’ ಎಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು, ಒಂಟಿ ತಾಯಿಯನ್ನು ಒಪ್ಪಿಸಿ ಮನೆ ಮಾರಿಸಿ ಆಮೇಲೆ ಮಕ್ಕಳ ಮನೆಗಳ ನಡುವೆ ತಿಂಗಳ ಲೆಕ್ಕದಲ್ಲಿ ಓಡಾಡಿಸುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಅಲ್ಲೂ ಪತ್ರ ‘ಸ್ವಇಚ್ಛೆ’ ಎಂದೇ ಹೇಳುತ್ತದೆ. ಒಂದು ಕಡೆ ಇಷ್ಟವನ್ನು ಅಗತ್ಯವೆಂದು, ಇನ್ನೊಂದು ಕಡೆ ಬಲವಂತವನ್ನು ಇಷ್ಟವೆಂದು ಬರೆಯಲಾಗುತ್ತದೆ. ಈ ಎರಡರ ನಡುವಿನ ಅಂತರವನ್ನು ಕಾನೂನು ಅಳೆಯಲಾರದು. ಅದು ಕಾದಂಬರಿಯ ಕೆಲಸ.

ಸ್ತ್ರೀವಾದಿ ವಿಮರ್ಶೆ ಈ ನಲವತ್ತು ವರ್ಷಗಳಲ್ಲಿ ವಿಧವೆಯ ದೇಹದ ಬಗ್ಗೆ, ಕೇಶಮುಂಡನದ ಬಗ್ಗೆ, ಕಾಮದ ನಿರಾಕರಣೆಯ ಬಗ್ಗೆ ನಮಗೆ ಓದಲು ಕಲಿಸಿದೆ. ಅವಳ ಆಸ್ತಿಯ ಬಗ್ಗೆ ಅಷ್ಟು ಕಲಿಸಿಲ್ಲ. ಮನೆಯನ್ನು ನೆನಪಿನ ಗೂಡು ಎಂದು ಹೊಗಳುವ ನಮ್ಮ ಪ್ರಬಂಧಗಳಿಗೂ ಅದು ಒಬ್ಬಳ ಕೆಲಸದ ಜಾಗ ಎಂಬ ಅರಿವು ಕಡಿಮೆ. ತೊಟ್ಟಿಮನೆ ಹೋಯಿತೆಂದು ಮರುಗುವವರು ಹೆಚ್ಚಾಗಿ ಅಲ್ಲಿ ರಜೆಗೆ ಹೋದವರು. ದಿನಾ ನೀರು ಹೊತ್ತವರು, ಹೆಂಚಿನ ಸೋರಿಕೆಗೆ ಪಾತ್ರೆ ಇಟ್ಟವರು, ಕಾಯಿಲೆಯ ಗಂಡನನ್ನು ಅಲ್ಲೇ ನೋಡಿಕೊಂಡವರು ಮನೆಯನ್ನು ಬೇರೆ ರೀತಿ ನೆನೆಯುತ್ತಾರೆ. ಅವರು ಬಿಟ್ಟು ಹೋಗಲು ಬಯಸಿದರೆ ಅದು ಪ್ರೀತಿಯ ಕೊರತೆಯಲ್ಲ.

ಸಂಶೋಧನೆಗೆ ವಿಷಯ ಹುಡುಕುತ್ತಿರುವ ಗೆಳೆಯರಿಗೆ ಒಂದು ಸೂಚನೆ. ನಿಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಪತ್ರಗಳನ್ನು ತೆಗೆಯಿರಿ. ‘ಕೋಂ ಲೇಟ್’ ಎಂದು ಬರುವ ಹೆಸರುಗಳನ್ನು ಗುರುತು ಹಾಕಿ. ಯಾವ ವರ್ಷ, ಏನು ಕಾರಣ ಬರೆದಿದೆ, ಸಹಿಯೋ ಹೆಬ್ಬೆಟ್ಟೋ, ಪಕ್ಕದಲ್ಲಿ ಸಾಕ್ಷಿ ಯಾರು ಎಂದು ನೋಡಿ. ಆಮೇಲೆ ‘ಗೃಹಭಂಗ’ಕ್ಕೆ ಮರಳಿ ಹೋಗಿ ಗಂಗಮ್ಮನ ಬೈಗುಳಗಳನ್ನು ಇನ್ನೊಮ್ಮೆ ಓದಿ. ಅವು ಬೇರೆಯಾಗಿಯೇ ಕೇಳಿಸುತ್ತವೆ.